ಗಾಯ ಮಾಯಿತು ಅಂತ ಫೈಲು ಹೇಳುತ್ತೆ, ಕಣ್ಣೀರು ಬೇರೇನೇ ಹೇಳುತ್ತೆ

ಗೊರಗುಂಟೆಪಾಳ್ಯ: ನಮ್ಮ ಸಿಗ್ನಲ್‌ನಿಂದ ರಿಂಗ್ ರೋಡಿಗೆ ತಿರುಗಿ ನಂದಿನಿ ಲೇಔಟ್ ಕಡೆ ಸ್ವಲ್ಪ ದೂರ ಹೋದರೆ ಕಂಠೀರವ ಸ್ಟುಡಿಯೋ ಸಿಗುತ್ತೆ. ಅಣ್ಣಾವ್ರ ಪಕ್ಕದಲ್ಲೇ ಅಪ್ಪು ಮಲಗಿರುವ ಜಾಗ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣು ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟವು. ನಾರಾಯಣ ನೇತ್ರಾಲಯದ ಡಾಕ್ಟರ್‌ಗಳು ಕಾರ್ನಿಯಾವನ್ನು, ಅಂದ್ರೆ ಕರಿಗುಡ್ಡೆ ಮೇಲಿನ ಗಾಜಿನಂಥ ಪೊರೆಯನ್ನು, ಮುಂದಿನ ಪದರ ಹಿಂದಿನ ಪದರ ಅಂತ ಬೇರೆ ಮಾಡಿ ಒಂದೊಂದು ಕಣ್ಣನ್ನು ಇಬ್ಬಿಬ್ಬರಿಗೆ ಹಾಕಿದರು. ಈ ಕಥೆ ನಮ್ಮ ಏರಿಯಾದ ಪ್ರತಿ ಆಟೋ ಸ್ಟ್ಯಾಂಡಿಗೂ ಗೊತ್ತು.

ಅದೇ ಸುದ್ದಿಯಲ್ಲಿ ಇನ್ನೊಂದು ಮಾತಿತ್ತು, ಅದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಕಾರ್ನಿಯಾ ತೆಗೆದ ಮೇಲೆ ಅದರ ಸುತ್ತ ಒಂದು ಉಂಗುರದ ಹಾಗೆ ಅಂಚು ಉಳಿಯುತ್ತೆ. ಅದಕ್ಕೆ ಲಿಂಬಸ್ ಅಂತಾರೆ. ಅಪ್ಪು ಅವರ ಕಣ್ಣಿನ ಆ ಅಂಚನ್ನೂ ಬಿಸಾಕದೆ ಆಸ್ಪತ್ರೆಯ 'ಗ್ರೋ' ಸಂಶೋಧನಾ ಲ್ಯಾಬಿಗೆ ಕಳಿಸಿದ್ದರು. ಕೆಮಿಕಲ್, ಆಸಿಡ್ ಬಿದ್ದು ಕಣ್ಣಿನ ಕಾಂಡಕೋಶಗಳನ್ನೇ ಕಳೆದುಕೊಂಡವರಿಗೆ ಮುಂದೆ ಉಪಯೋಗಕ್ಕೆ ಬರಬಹುದು ಅನ್ನೋದು ಅದರ ಉದ್ದೇಶ.

ಹಾಗೆ ಕಣ್ಣು ಕಳೆದುಕೊಂಡವರು ನಮ್ಮ ಪೀಣ್ಯದಲ್ಲೇ ಇದ್ದಾರೆ. ಅದಕ್ಕೇ ಈ ಬರಹ.

ಮಾವನ ಬಲಗಣ್ಣು

ನಮ್ಮ ಸೋದರಮಾವ ಪೀಣ್ಯದ ಒಂದು ಪ್ಲೇಟಿಂಗ್ ಯೂನಿಟ್‌ನಲ್ಲಿ ಕೆಲಸಕ್ಕಿದ್ದರು. ಒಂಬತ್ತು ವರ್ಷದ ಹಿಂದೆ ಕಾಸ್ಟಿಕ್ ಟ್ಯಾಂಕಿಗೆ ಪಾರ್ಟ್ಸ್ ಇಳಿಸುವಾಗ ಹನಿ ಸಿಡಿದು ಬಲಗಣ್ಣಿಗೆ ಬಿತ್ತು. ಗಾಗಲ್ಸ್ ಇತ್ತು, ಗೋಡೆಯ ಮೊಳೆಯಲ್ಲಿ ನೇತಾಡ್ತಿತ್ತು. ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದರು, ಆಮೇಲೆ ಬೈಕಲ್ಲಿ ಕೂರಿಸಿಕೊಂಡು ಕ್ಲಿನಿಕ್ ಹುಡುಕೋಕೆ ಹೋದರು. ಹತ್ತು ಅಡಿ ದೂರದಲ್ಲಿ ನಲ್ಲಿ ಇತ್ತು.

ಆರು ತಿಂಗಳು ಚಿಕಿತ್ಸೆ ಆಯ್ತು. ಗಾಯ ವಾಸಿಯಾಗಿದೆ ಅಂತ ಒಂದು ಚೀಟಿ ಕೊಟ್ಟರು. ಫೈಲು ಅಲ್ಲಿಗೇ ಮುಗೀತು, ಕಣ್ಣು ಮಾತ್ರ ಮುಗಿಸಿಲ್ಲ. ಇವತ್ತಿಗೂ ಟುಮ್ಕೂರ್ ರೋಡಿನ ಧೂಳಿಗೆ ನೀರು ಸುರಿಯುತ್ತೆ, ರಾತ್ರಿ ಮರಳು ಹೊಕ್ಕ ಹಾಗೆ ಚುಚ್ಚುತ್ತೆ, ವರ್ಷದಿಂದ ವರ್ಷಕ್ಕೆ ಮಂಜು ಜಾಸ್ತಿಯಾಗ್ತಿದೆ. ಎಲ್ಲಿ ತೋರಿಸಿದರೂ ಹಳೇ ಗಾಯ ಅಲ್ವಾ, ಇನ್ನೇನು ಮಾಡೋದು ಅನ್ನೋ ಉತ್ತರ.

ನಾನು ಬಿ.ಎಸ್ಸಿ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟವನು. ಆದರೆ ಈ 'ಹಳೇ ಗಾಯ' ಅನ್ನೋ ಮಾತು ತಲೆ ಕೊರೀತಿತ್ತು. ಓದ್ತಾ ಹೋದಂತೆ ಗೊತ್ತಾಗಿದ್ದು ಇಷ್ಟು: ಇಂಥ ಕಣ್ಣಿಗೆ ಆ ಗಾಯ ಹಳೇದಾಗಿಯೇ ಇರೋದಿಲ್ಲ. ಅದಕ್ಕೆ ಸಾಕ್ಷಿಯನ್ನು ವಿಜ್ಞಾನಿಗಳು ಹುಡುಕ್ತಿರೋದು ಕಣ್ಣೀರಿನಲ್ಲಿ.

ಸೋಪ್ ಫ್ಯಾಕ್ಟರಿಯ ಲೆಕ್ಕ

ಗೊರಗುಂಟೆಪಾಳ್ಯದಿಂದ ಮೆಟ್ರೋದಲ್ಲಿ ಎರಡನೇ ಸ್ಟೇಷನ್ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಸೋಪು ಆಗೋದು ಹೇಗೆ? ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಬೇಕು. ಕಾಸ್ಟಿಕ್ ಆಗಲಿ ಸುಣ್ಣ ಆಗಲಿ ಕಣ್ಣಿಗೆ ಬಿದ್ದಾಗ ಆಗೋದೂ ಅದೇ. ನಮ್ಮ ಜೀವಕೋಶಗಳ ಗೋಡೆ ಕೊಬ್ಬಿನಿಂದ ಆಗಿರುತ್ತೆ. ಕ್ಷಾರ ಅದನ್ನು ಸೋಪು ಮಾಡಿ ಕರಗಿಸಿ ದಾರಿ ಮಾಡಿಕೊಂಡು ಒಳಗೆ ಇಳಿಯುತ್ತೆ.

ಆಸಿಡ್ ಸ್ವಲ್ಪ ಬೇರೆ. ಹಾಲಿಗೆ ನಿಂಬೆಹಣ್ಣು ಹಿಂಡಿದ ಹಾಗೆ ಅದು ಮೇಲಿನ ಪ್ರೊಟೀನ್ ಒಡೆಸಿ ಗಟ್ಟಿ ಮಾಡುತ್ತೆ. ಆ ಗಟ್ಟಿ ಪದರವೇ ಒಂದಷ್ಟು ತಡೆ ಆಗುತ್ತೆ. ಅದಕ್ಕೇ ಸಾಮಾನ್ಯವಾಗಿ ಆಸಿಡ್‌ಗಿಂತ ಕ್ಷಾರ ಹೆಚ್ಚು ಆಳಕ್ಕೆ ಹೋಗುತ್ತೆ. ಹಾಗಂತ ಆಸಿಡ್ ಸಾಧು ಅಲ್ಲ. ಗಾಢವಾದ ಆಸಿಡ್ ಕೂಡ ಕಣ್ಣನ್ನು ಪೂರ್ತಿ ತೆಗೆಯುತ್ತೆ.

ಈಗ ಆ ಲಿಂಬಸ್ ಅಂಚಿಗೆ ಬರೋಣ. ಕಾರ್ನಿಯಾದ ಮೇಲ್ಪದರ ಸವೆದ ಹಾಗೆಲ್ಲ ಹೊಸ ಕೋಶಗಳು ಹುಟ್ಟಿ ಬರೋದು ಈ ಅಂಚಿನಿಂದ. ಹೊಲಕ್ಕೆ ಬೀಜ ಇದ್ದ ಹಾಗೆ. ಬೀಜವೇ ಸುಟ್ಟರೆ ಪಕ್ಕದ ಬಿಳಿ ಭಾಗದ ಪೊರೆ ರಕ್ತನಾಳಗಳನ್ನು ಎಳೆದುಕೊಂಡು ಕರಿಗುಡ್ಡೆ ಮೇಲೆ ಹರಡುತ್ತೆ. ಗಾಜಿನ ಹಾಗಿದ್ದ ಕಣ್ಣು ಮಸುಕಾಗುತ್ತೆ.

ಯಾರದೋ ದಾನದ ಕಣ್ಣು ಹಾಕಿದರೆ ಸರಿಹೋಗಲ್ವಾ ಅಂತ ನಮ್ಮ ಅಜ್ಜಿ ಕೇಳ್ತಾರೆ. ಇಂಥ ಕಣ್ಣಿಗೆ ಬರೀ ಕಾರ್ನಿಯಾ ಹಾಕಿದರೆ ನಿಲ್ಲೋದು ಕಷ್ಟ. ಬೀಜ ಇಲ್ಲದ ಹೊಲಕ್ಕೆ ಹಸಿರು ಹಾಸಿದ ಹಾಗೆ, ಕೆಲವು ದಿನ ಇದ್ದು ಒಣಗುತ್ತೆ. ಮೊದಲು ಬೀಜ ಬಿತ್ತಬೇಕು.

ಅದಕ್ಕೂ ದಾರಿ ಇದೆ. 2012ರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯವರು 'ಸ್ಲೆಟ್' ಅನ್ನೋ ಆಪರೇಷನ್ ಪ್ರಕಟಿಸಿದರು. ಚೆನ್ನಾಗಿರುವ ಇನ್ನೊಂದು ಕಣ್ಣಿನ ಅಂಚಿನಿಂದ ಚಿಕ್ಕ ಚೂರು ತೆಗೆದು, ಅದನ್ನು ಇನ್ನೂ ಚೂರು ಮಾಡಿ, ಕೆಟ್ಟ ಕಣ್ಣಿನ ಮೇಲೆ ಸಸಿ ನೆಟ್ಟ ಹಾಗೆ ಅಂಟಿಸುತ್ತಾರೆ. ಕೆಮಿಕಲ್ ಬಿದ್ದು ಒಂದು ಕಣ್ಣು ಕೆಟ್ಟಿದ್ದ 125 ಜನರ ಫಲಿತಾಂಶವನ್ನು ಅವರು 2016ರಲ್ಲಿ ಹೊರಗಿಟ್ಟರು. 95 ಜನರಲ್ಲಿ, ಅಂದ್ರೆ 76%, ಅದು ನಿಂತಿತ್ತು.

95 ಜನಕ್ಕೆ ಸಂತೋಷ. ಉಳಿದ 30 ಜನರ ಕಣ್ಣಲ್ಲಿ ಯಾಕೆ ನಿಲ್ಲಲಿಲ್ಲ? ಆಪರೇಷನ್‌ಗೆ ಮುಂಚೆಯೇ ಅದನ್ನು ತಿಳಿಯಬಹುದಾ? ಕಣ್ಣೀರಿನ ಅಧ್ಯಯನಕ್ಕೆ ಬೆಲೆ ಬರೋದು ಇಂಥ ಪ್ರಶ್ನೆಯಿಂದ.

ಒಂದು ಹನಿಯಲ್ಲಿ ಏನೇನಿದೆ

ಕಣ್ಣೀರು ಅಂದ್ರೆ ಬರೀ ಉಪ್ಪುನೀರಲ್ಲ. ಅದರಲ್ಲಿ 1,500ಕ್ಕೂ ಹೆಚ್ಚು ಬಗೆಯ ಪ್ರೊಟೀನ್‌ಗಳನ್ನು ಗುರುತಿಸಿದ್ದಾರೆ. ಲೈಸೋಝೈಮ್ ಅನ್ನೋದು ಬ್ಯಾಕ್ಟೀರಿಯಾದ ಗೋಡೆ ಒಡೆಯುತ್ತೆ. ಮುಂದೆ ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲೇ ಇದರ ಬಗ್ಗೆ ಬರೆದಿದ್ದರು. ಲ್ಯಾಕ್ಟೋಫೆರಿನ್ ಅನ್ನೋದು ಕ್ರಿಮಿಗಳಿಗೆ ಕಬ್ಬಿಣದ ಅಂಶ ಸಿಗದ ಹಾಗೆ ಕಟ್ಟಿಹಾಕುತ್ತೆ. ಇವೆರಡೂ ಮನೆ ಕಾವಲಿನವು.

ಇನ್ನು ಕೆಲವು ಗಲಾಟೆ ಆದಾಗ ಹೆಚ್ಚಾಗುವಂಥವು. ಇಂಟರ್‌ಲ್ಯೂಕಿನ್ ಗುಂಪಿನವು ಉರಿಯೂತಕ್ಕೆ ಕೂಗಿ ಕರೆಯುತ್ತವೆ. ಎಂಎಂಪಿ-9 ಅನ್ನೋ ಕಿಣ್ವ ಕಣ್ಣಿನ ಅಂಗಾಂಶವನ್ನೇ ಕತ್ತರಿಸುತ್ತೆ. ಗಾಯ ಆದಾಗ ಹಾಳಾದ ಭಾಗ ಕತ್ತರಿಸಿ ತೆಗೆಯೋಕೆ ಅದು ಬೇಕು. ಕೆಲಸ ಮುಗಿದ ಮೇಲೂ ಕತ್ತರಿ ಆಡ್ತಾನೇ ಇದ್ದರೆ ಕಾರ್ನಿಯಾ ತೆಳ್ಳಗಾಗುತ್ತಾ ಹೋಗುತ್ತೆ.

ಈ ಲೆಕ್ಕ ತೆಗೆಯೋಕೆ ಸೂಜಿ ಬೇಕಿಲ್ಲ. 5 ಮಿ.ಮೀ. ಅಗಲ, 35 ಮಿ.ಮೀ. ಉದ್ದದ ಒಂದು ಕಾಗದದ ಪಟ್ಟಿಯನ್ನು ಕೆಳರೆಪ್ಪೆಯ ಒಳಗೆ ಐದು ನಿಮಿಷ ಇಡ್ತಾರೆ. ಶಿರ್ಮರ್ ಟೆಸ್ಟ್ ಅಂತ ಹೆಸರು, 1903ರಿಂದ ಇದೆ. ಕಣ್ಣು ಒಣಗಿದೆಯಾ ಅಂತ ನೋಡೋಕೆ ಸಾಮಾನ್ಯ ಕಣ್ಣಾಸ್ಪತ್ರೆಯಲ್ಲೂ ಇದನ್ನೇ ಮಾಡ್ತಾರೆ. ಅದೇ ಪಟ್ಟಿ ಹೀರಿದ ಕಣ್ಣೀರನ್ನು ಲ್ಯಾಬಿಗೆ ಕಳಿಸಿದರೆ, ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ಯಂತ್ರ ಯಾವ ಪ್ರೊಟೀನ್ ಎಷ್ಟಿದೆ ಅಂತ ಹೇಳುತ್ತೆ.

ಕಣ್ಣು ಬಿಳಿ ಇದ್ದರೆ ಸಾಲದು

ಸುಟ್ಟ ಕಣ್ಣಿಗೆ ಡಾಕ್ಟರ್‌ಗಳು ತಕ್ಷಣ ಕಾಂಡಕೋಶದ ಆಪರೇಷನ್ ಮಾಡಲ್ಲ. ಉರಿಯೂತ ಇಳಿಯಲಿ ಅಂತ ತಿಂಗಳುಗಟ್ಟಲೆ ಕಾಯ್ತಾರೆ. ಉರಿಯುವ ನೆಲದಲ್ಲಿ ಸಸಿ ನೆಟ್ಟರೆ ಬದುಕಲ್ಲ. ಆದರೆ ಉರಿ ಇಳಿದಿದೆ ಅಂತ ತಿಳಿಯೋದು ಹೇಗೆ? ಹೆಚ್ಚಾಗಿ ಕಣ್ಣಲ್ಲಿ ನೋಡಿಯೇ. ಕೆಂಪು ಇದೆಯಾ, ರಕ್ತನಾಳ ಎಷ್ಟಿದೆ ಅಂತ ದೀಪದ ಕೆಳಗೆ ಪರೀಕ್ಷೆ ಮಾಡ್ತಾರೆ.

ಒಲೆ ಆರಿದೆ ಅಂದುಕೊಂಡು ಕೈಯಿಟ್ಟರೆ ಬೂದಿ ಕೆಳಗೆ ಕೆಂಡ ಇರೋದಿಲ್ವಾ? ಇದೂ ಹಾಗೇ. ಮೇಲೆ ಶಾಂತವಾಗಿ ಕಾಣುವ ಕಣ್ಣಿನ ಕಣ್ಣೀರಲ್ಲಿ ವರ್ಷಗಳ ನಂತರವೂ ಗಲಾಟೆಯ ಪ್ರೊಟೀನ್‌ಗಳು ಹೆಚ್ಚಿರಬಹುದು, ಕಾವಲಿನವು ಕಮ್ಮಿಯಾಗಿರಬಹುದು. ಯಾವ ಪ್ರೊಟೀನ್ ಎಷ್ಟಿದ್ದರೆ ಕೆಂಡ ಇದೆ ಅಂತ ಅರ್ಥ, ಎಷ್ಟಕ್ಕೆ ಇಳಿದರೆ ಆಪರೇಷನ್‌ಗೆ ಕೈ ಹಾಕಬಹುದು ಅನ್ನೋದು ಈ ಅಧ್ಯಯನಗಳು ಹುಡುಕುತ್ತಿರುವ ಉತ್ತರ.

ಕೆಂಡ ಮೇಲ್ಪದರಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಇಲಿ, ಮೊಲಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಕಾರ್ನಿಯಾ ಮೇಲೆ ಕ್ಷಾರ ಬಿದ್ದರೂ ಕಣ್ಣಿನ ಹಿಂಭಾಗದ ರೆಟಿನಾ ಕೋಶಗಳು ಸಾಯೋದು ಕಂಡುಬಂತು. ಟಿಎನ್‌ಎಫ್ ಆಲ್ಫಾ ಅನ್ನೋ ಉರಿಯೂತದ ಪ್ರೊಟೀನ್ ಅದಕ್ಕೆ ಕಾರಣ, ಅದನ್ನು ತಡೆದರೆ ಹಾನಿ ಕಮ್ಮಿ ಅಂತಲೂ ತೋರಿಸಿದರು. ಕೆಮಿಕಲ್ ಬಿದ್ದವರಿಗೆ ವರ್ಷಗಳ ಮೇಲೆ ಗ್ಲಾಕೋಮಾ ಬಂದು ಉಳಿದ ದೃಷ್ಟಿಯೂ ಹೋಗೋದು ಡಾಕ್ಟರ್‌ಗಳಿಗೆ ಮೊದಲಿಂದ ಗೊತ್ತಿರೋದೇ. ಗ್ಲಾಕೋಮಾ ಹೆಚ್ಚಾಗಿ ನೋವಿಲ್ಲದೆ ಬರುತ್ತೆ. ಹಳೇ ಗಾಯ ಅಂತ ಮನೇಲಿ ಕೂತವರಿಗೆ ಅದು ಬಂದಿದ್ದೇ ಗೊತ್ತಾಗಲ್ಲ.

ಇನ್ನೂ ಬಾಗಿಲಿಗೆ ಬಂದಿಲ್ಲ

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಳೇ ಕೆಮಿಕಲ್ ಗಾಯಕ್ಕೆ ಕಣ್ಣೀರಿನ ಪ್ರೊಟೀನ್ ನೋಡಿ ಆಪರೇಷನ್ ತೀರ್ಮಾನ ಮಾಡೋದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ಈ ಟೆಸ್ಟಿನಿಂದ ದೃಷ್ಟಿ ವಾಪಸ್ ಬರಲ್ಲ. ಯಾರಾದರೂ ದುಡ್ಡು ಕೊಡಿ, ಕಣ್ಣೀರು ಟೆಸ್ಟ್ ಮಾಡಿ ಕಣ್ಣು ಸರಿ ಮಾಡ್ತೀವಿ ಅಂದರೆ ನಂಬಬೇಡಿ.

ಕಷ್ಟಗಳೂ ಇವೆ. ಕಣ್ಣಿನ ಮೇಲೆ ಒಂದು ಹೊತ್ತಿಗೆ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್. ಡ್ರಾಪ್ಸ್ ಬಾಟಲಿಯ ಒಂದು ಹನಿಯಲ್ಲಿ ಐದಾರನೇ ಒಂದು ಭಾಗ ಅಷ್ಟೇ. ಸುಟ್ಟ ಕಣ್ಣಲ್ಲಿ ಕಣ್ಣೀರೇ ಒಣಗಿರಬಹುದು. ಪಟ್ಟಿ ಚುಚ್ಚಿ ಜೋರಾಗಿ ನೀರು ಬಂದರೆ ಪ್ರೊಟೀನ್ ತೆಳುವಾಗುತ್ತೆ. ಹಾಕ್ತಿರುವ ಔಷಧಿ, ವಯಸ್ಸು ಎಲ್ಲವೂ ಲೆಕ್ಕ ಬದಲಿಸುತ್ತೆ. ಸುಣ್ಣ ಬಿದ್ದವರು, ಬ್ಯಾಟರಿ ಆಸಿಡ್ ಬಿದ್ದವರು, ಸಿಮೆಂಟು ಬಿದ್ದವರು ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕೋಕೂ ಆಗಲ್ಲ.

ಆದರೆ ಈ ವಿದ್ಯೆ ದೂರದ ದೇಶದ್ದೂ ಅಲ್ಲ. ಅಪ್ಪು ಅವರ ಲಿಂಬಸ್ ಹೋದ ಗ್ರೋ ಲ್ಯಾಬ್‌ನಲ್ಲೇ ಒಣಗಣ್ಣು, ಕೆರಟೋಕೋನಸ್ ಇರುವವರ ಕಣ್ಣೀರಿನ ಪ್ರೊಟೀನ್‌ಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ವಿದ್ಯೆ ಬೆಂಗಳೂರಲ್ಲಿದೆ, ಗಾಯ ಆದವರು ಪೀಣ್ಯದಲ್ಲಿದ್ದಾರೆ. ಆದರೆ ಗಾಯ ಆದವರ ಹೆಸರು ಆರು ತಿಂಗಳಲ್ಲಿ ಪುಸ್ತಕದಿಂದ ಅಳಿಸಿಹೋಗುತ್ತೆ. ಹತ್ತು ವರ್ಷ ಹಿಂಬಾಲಿಸದೆ ಹತ್ತು ವರ್ಷದ ಗಾಯವನ್ನು ಯಾರು ತಾನೇ ಅಧ್ಯಯನ ಮಾಡ್ತಾರೆ?

ಫೈಲಿನ ಲೆಕ್ಕ, ಕಣ್ಣಿನ ಲೆಕ್ಕ

ಈಗ ದುಡ್ಡಿನ ವಿಷಯ. ಇಎಸ್‌ಐ ಇರುವ ಕೆಲಸಗಾರರಿಗೆ ಕೆಲಸದಲ್ಲಿ ಗಾಯ ಆಗಿ ಶಾಶ್ವತ ಊನ ಆದರೆ ತಿಂಗಳ ಪರಿಹಾರ ಸಿಗುತ್ತೆ. 1948ರ ಇಎಸ್‌ಐ ಕಾಯ್ದೆಯ ಪಟ್ಟಿಯಲ್ಲಿ ಒಂದು ಕಣ್ಣಿನ ದೃಷ್ಟಿ ಹೋಗಿ, ಗುಡ್ಡೆ ವಿಕಾರವಾಗದೆ, ಇನ್ನೊಂದು ಕಣ್ಣು ಚೆನ್ನಾಗಿದ್ದರೆ ದುಡಿಮೆಯ ಶಕ್ತಿ 30% ಹೋಯ್ತು ಅಂತ ಲೆಕ್ಕ. ಕಣ್ಣೇ ಹೋದರೆ 40%. ಎರಡೂ ಕಡೆ 'ತೊಡಕುಗಳಿಲ್ಲದೆ' ಅನ್ನೋ ಷರತ್ತು ಇದೆ. ಕೆಮಿಕಲ್ ಗಾಯದ ಸ್ವಭಾವವೇ ತೊಡಕು. ಒಂದಾದ ಮೇಲೆ ಒಂದು ಬರುತ್ತೆ, ಅದೂ ತಡವಾಗಿ.

ಅಂಗವಿಕಲರ ಕಾರ್ಡಿನ ಕಥೆ ಇನ್ನೊಂದು. ಹೆಚ್ಚಿನ ಸೌಲಭ್ಯಕ್ಕೆ 40% ಬೇಕು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ 2018ರ ಮಾರ್ಗಸೂಚಿ ಕೊಟ್ಟಿದ್ದು 30%. 2016ರ ಕಾಯ್ದೆ ಆಸಿಡ್ ದಾಳಿಗೆ ಒಳಗಾದವರನ್ನು ಪ್ರತ್ಯೇಕವಾಗಿ ಸೇರಿಸಿದೆ, ಅದು ಆಗಲೇಬೇಕಿತ್ತು. ಆದರೆ ಅದೇ ಆಸಿಡ್ ಫ್ಯಾಕ್ಟರಿಯಲ್ಲಿ ಸಿಡಿದು ಬಿದ್ದರೆ ಆ ವರ್ಗಕ್ಕೆ ಬರಲ್ಲ.

ಒಂದು ಬಾಗಿಲು ಮಾತ್ರ ತೆರೆದಿತ್ತು. ಇಎಸ್‌ಐ ಕಾಯ್ದೆಯ 55ನೇ ಕಲಂ ಪ್ರಕಾರ, ಒಮ್ಮೆ ಊನದ ಪ್ರಮಾಣ ನಿಗದಿ ಮಾಡಿದ ಮೇಲೂ, ಗಾಯದ ಪರಿಣಾಮ ಮೊದಲು ಊಹಿಸದಷ್ಟು ಉಲ್ಬಣಿಸಿದ್ದರೆ ಮೆಡಿಕಲ್ ಬೋರ್ಡ್ ಮರುಪರಿಶೀಲನೆ ಮಾಡಬಹುದು. ನಮ್ಮ ಮಾವನಿಗೆ ಇದು ಗೊತ್ತೇ ಇರಲಿಲ್ಲ. ಅವರ ಜೊತೆ ಕೆಲಸ ಮಾಡಿದವರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದರೂ ಉಲ್ಬಣಿಸಿದೆ ಅಂತ ತೋರಿಸೋದು ಹೇಗೆ? ಉರಿ, ಚುಚ್ಚು, ಮಂಜು ಅಂತ ಬಾಯಲ್ಲಿ ಹೇಳಿದರೆ ಯಾರೂ ಬರೆದುಕೊಳ್ಳಲ್ಲ. ಕಣ್ಣೀರಿನ ಅಧ್ಯಯನ ಒಂದು ದಿನ ಅಳತೆಯಾಗಿ ಬಳಕೆಗೆ ಬಂದರೆ ಕೆಲಸಗಾರನ ಮಾತಿಗೆ ಒಂದು ಅಂಕಿ ಸಿಗುತ್ತೆ. ನನ್ನ ಪ್ರಕಾರ ಇದು ಆಪರೇಷನ್‌ಗಿಂತ ಕಮ್ಮಿ ಲಾಭವೇನಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಇಎಸ್‌ಐ ಕೂಡ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಬಂದಿದೆ. ಉಲ್ಬಣಿಸಿದ ಗಾಯದ ಮರುಪರಿಶೀಲನೆ ಅನ್ನೋ ಆ ಬಾಗಿಲು ಹೊಸ ವ್ಯವಸ್ಥೆಯಲ್ಲೂ ತೆರೆದೇ ಇರಬೇಕು. ಪ್ರತಿ ಮಾರ್ಚ್ 4ಕ್ಕೆ ಸುರಕ್ಷತಾ ದಿನದ ಬ್ಯಾನರ್ ಕಟ್ಟುವವರು, ಯೂನಿಯನ್‌ನವರು, ನಮ್ಮ ಜನಪ್ರತಿನಿಧಿಗಳು ಕೇಳಬೇಕಾದ ಪ್ರಶ್ನೆ ಇದು.

ಅಂಗಡಿಯವರಿಗೆ ಎರಡು ಮಾತು

ಇದು ಫ್ಯಾಕ್ಟರಿ ವಿಷಯ, ನಮಗೇನು ಅಂದುಕೊಳ್ಳಬೇಡಿ. ಎಲೆ ಅಡಿಕೆ ಅಂಗಡಿಯ ಸುಣ್ಣದ ಪುಟ್ಟ ಪ್ಯಾಕೆಟ್ ಇದೆಯಲ್ಲ, ಮಕ್ಕಳ ಕಣ್ಣಿಗೆ ದೊಡ್ಡ ಶತ್ರು ಅದೇ. ಮಕ್ಕಳು ಅದನ್ನು ಆಟಕ್ಕೆ ಒತ್ತುತ್ತಾರೆ, ಪ್ಯಾಕೆಟ್ ಒಡೆದು ಸುಣ್ಣ ನೇರ ಕಣ್ಣಿಗೆ ಚಿಮ್ಮುತ್ತೆ. ದೆಹಲಿಯ ಏಮ್ಸ್ ಡಾಕ್ಟರ್‌ಗಳು 2006ರಲ್ಲೇ ಇದರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಎಚ್ಚರಿಸಿದ್ದರು. ಮಕ್ಕಳ ಕೈಗೆ ಎಟುಕುವ ಕಡೆ ನೇತು ಹಾಕಬೇಡಿ, ಮಕ್ಕಳು ಬಂದು ಕೇಳಿದರೆ ಕೊಡಬೇಡಿ. ಎರಡು ರೂಪಾಯಿ ವ್ಯಾಪಾರ ಹೋದರೆ ಹೋಗಲಿ.

ಇನ್ನು ಆಸಿಡ್. ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಕೊಟ್ಟ ಆದೇಶ ಎಲ್ಲ ಅಂಗಡಿಗೂ ಅನ್ವಯಿಸುತ್ತೆ. ಕೊಳ್ಳುವವರ ಹೆಸರು, ವಿಳಾಸ, ಎಷ್ಟು ಕೊಂಡರು ಅನ್ನೋದನ್ನು ರಿಜಿಸ್ಟರ್‌ನಲ್ಲಿ ಬರೆಯಬೇಕು. ಫೋಟೋ ಇರುವ ಸರ್ಕಾರಿ ಗುರುತಿನ ಚೀಟಿ ನೋಡಬೇಕು, ಯಾಕೆ ಬೇಕು ಅಂತ ಕೇಳಬೇಕು. 18 ವರ್ಷದ ಒಳಗಿನವರಿಗೆ ಮಾರುವಂತಿಲ್ಲ. ಸ್ಟಾಕ್ ಎಷ್ಟಿದೆ ಅಂತ ಉಪವಿಭಾಗಾಧಿಕಾರಿಗೆ ತಿಳಿಸಬೇಕು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಹಳೇ ಕೂಲ್ ಡ್ರಿಂಕ್ಸ್ ಬಾಟಲಿಗೆ ಟಾಯ್ಲೆಟ್ ಆಸಿಡ್ ತುಂಬಿ ಕೊಡೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಮೊದಲ ಹತ್ತು ನಿಮಿಷ

ಇಷ್ಟೆಲ್ಲ ವಿಜ್ಞಾನ ಬೇಕಾಗೋದು ಮೊದಲ ಹತ್ತು ನಿಮಿಷ ಕೈತಪ್ಪಿದ ಮೇಲೆ. ಕಣ್ಣಿಗೆ ಏನೇ ಬಿದ್ದರೂ, ಸುಣ್ಣ, ಸಿಮೆಂಟು, ಆಸಿಡ್, ಕಾಸ್ಟಿಕ್, ಇಷ್ಟು ನೆನಪಿರಲಿ:

• ನಿಂತ ಜಾಗದಲ್ಲೇ ನೀರು. ಕುಡಿಯುವ ನೀರಿನ ಕ್ಯಾನ್ ಆದರೂ ಸರಿ, ನಲ್ಲಿ ಆದರೂ ಸರಿ. ಆಸ್ಪತ್ರೆ ಆಮೇಲೆ.

• ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ನೀರು ಹಾಯಿಸಿ. ಗಾಯದ ಕಣ್ಣು ಕೆಳಗಿರಲಿ, ತೊಳೆದ ನೀರು ಒಳ್ಳೇ ಕಣ್ಣಿಗೆ ಹರಿಯಬಾರದು. ಸುಣ್ಣದ ಚೂರು ರೆಪ್ಪೆ ಒಳಗೆ ಕೂತಿದ್ದರೆ ನೀರಲ್ಲೇ ಹೊರಗೆ ಬರಲಿ.

• ಉಜ್ಜಬೇಡಿ. ಹರಳೆಣ್ಣೆ, ಎದೆಹಾಲು, ಹಾಲು ಯಾವುದೂ ಬೇಡ. ಸುಣ್ಣಕ್ಕೆ ನಿಂಬೆರಸ ಹಾಕಿದರೆ ಸಮ ಆಗುತ್ತೆ ಅನ್ನೋ ಬುದ್ಧಿವಂತಿಕೆ ಅಂತೂ ಬೇಡವೇ ಬೇಡ.

• ಆಮೇಲೆ ಕಣ್ಣಾಸ್ಪತ್ರೆ. ಸರ್ಕಾರಿ ಮಿಂಟೋ ಆಸ್ಪತ್ರೆಗೆ ನಮ್ಮ ಗ್ರೀನ್ ಲೈನ್‌ನಲ್ಲಿ ಕೆ.ಆರ್. ಮಾರ್ಕೆಟ್ ಸ್ಟೇಷನ್‌ಗೆ ಇಳಿಯಬೇಕು, ಇಲ್ಲಿಂದ ಹತ್ತನೇದು. ಕೆಮಿಕಲ್ ಡಬ್ಬಿಯ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ.

• ಕೆಲಸದ ಜಾಗದಲ್ಲಿ ಆದರೆ ಅವತ್ತೇ ಅಪಘಾತದ ಪುಸ್ತಕದಲ್ಲಿ ಬರೆಸಿ, ಇಎಸ್‌ಐಗೆ ವರದಿ ಹೋಗಿದೆಯಾ ಅಂತ ಕೇಳಿ. ಪ್ರತಿ ಚೀಟಿ ಎತ್ತಿಡಿ.

• ಗಾಯ ಆಗಿ ವರ್ಷ ಕಳೆದಿದ್ದರೂ ಕಣ್ಣಿನ ಪ್ರೆಷರ್ ಚೆಕ್ ಮಾಡಿಸ್ತಾ ಇರಿ. ಕೆಟ್ಟ ಕಣ್ಣಿಗೆ ಇನ್ನೇನು ಅಂತ ಬಿಡಬೇಡಿ.

ಹೋದ ವಾರ ಮಾವನನ್ನು ಮತ್ತೆ ಕಣ್ಣು ತೋರಿಸೋಕೆ ಕರ್ಕೊಂಡು ಹೋಗಿದ್ದೆ. ಕೆಳರೆಪ್ಪೆಗೆ ಆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಎಡಗಣ್ಣಿನ ಪಟ್ಟಿ ಅರ್ಧಕ್ಕಿಂತ ಹೆಚ್ಚು ಒದ್ದೆ ಆಯ್ತು. ಬಲಗಣ್ಣಿನ ಪಟ್ಟಿಯಲ್ಲಿ ಮೂರು ಗೆರೆ ದಾಟಲಿಲ್ಲ. ಗಾಳಿಗೆ ಧೂಳಿಗೆ ಸುರಿಯುವ ಕಣ್ಣು ಸುಮ್ಮನೆ ಕೂತಾಗ ಒಣಗಿರುತ್ತೆ ಅಂತ ಅವತ್ತು ತಿಳೀತು. ಪ್ರೆಷರ್ ಸ್ವಲ್ಪ ಜಾಸ್ತಿ ಇದೆ, ಡ್ರಾಪ್ಸ್ ಶುರು ಮಾಡಿದ್ದಾರೆ. ಒಂಬತ್ತು ವರ್ಷದ ಮೇಲೆ ಅವರ ಹೆಸರಲ್ಲಿ ಒಂದು ಹೊಸ ಫೈಲು ತೆರೆದಿದೆ. ಪೀಣ್ಯದಲ್ಲಿ ಇನ್ನೆಷ್ಟು ಜನರ ಫೈಲು ಮುಚ್ಚಿ ಬಿದ್ದಿದೆಯೋ, ನಿಮ್ಮ ಪಕ್ಕದ ಮನೆಯವರನ್ನೊಮ್ಮೆ ಕೇಳಿ ನೋಡಿ.